ಬಿಸಿಗಾಳಿಯ ಪಂಚಾಯ್ತಿ

ಮುಜಾಹಿಮ್ ಕೈಯಿಟ್ಟ ಏಸಿ ಮತ್ತೆ ತಣ್ಣಗೆ ಊದಿದ ಉದಾಹರಣೆ ಬಸ್ರಾದ ಆ ಬೀದಿಯಲ್ಲಿ ಒಂದೂ ಇರಲಿಲ್ಲ. ಹಾಗೆಂದು ಅವನನ್ನು ದೂರುವಂತೆಯೂ ಇರಲಿಲ್ಲ. ಅವನು ಕಾಸು ಕೇಳುತ್ತಿರಲಿಲ್ಲ; ಕರೆಯಲಿ ಎಂದು ಕಾಯುತ್ತಲೂ ಇರಲಿಲ್ಲ. ಬಂದರು ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಕಡತ ಬಿಚ್ಚಿ ಬಿಚ್ಚಿ ಅಭ್ಯಾಸವಾಗಿ, ಸಂಜೆ ಮನೆಗೆ ಬಂದರೆ ಅವನ ಕೈ ಇನ್ನೇನನ್ನಾದರೂ ಬಿಚ್ಚಲು ತುರಿಸುತ್ತಿತ್ತು. ಮತ್ತೆ ಜೋಡಿಸುವ ವಿಷಯದಲ್ಲಿ ಮಾತ್ರ ಆ ತುರಿಕೆ ಇರಲಿಲ್ಲ. ನೆರೆಮನೆಯ ಏಸಿ ಒಮ್ಮೆ ಗೊರ್ ಎಂದರೆ ಸಾಕು, "ಗ್ಯಾಸ್ ಕಮ್ಮಿ ಆಗಿದೆ" ಎನ್ನುತ್ತ ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ಹಾಜರು. ಅವನ ಪ್ರಕಾರ ಲೋಕದ ಸಕಲ ರೋಗಕ್ಕೂ ಮೂಲ ಒಂದೇ, ಗ್ಯಾಸ್ ಕಮ್ಮಿಯಾಗುವುದು. ಬೀದಿಗೆಲ್ಲ ಜನರೇಟರ್ ಕರೆಂಟು ಹಂಚುವ ಹನ್ನೂನನ ಮನೆಯ ಫ್ರಿಜ್ಜಿಗೂ ಅವನು ಅದೇ ಮದ್ದು ಮಾಡಿದ್ದ. ಈಗ ಹನ್ನೂನ್ ಅದರಲ್ಲಿ ಚಪ್ಪಲಿ ಇಡುತ್ತಾನೆ.

ಈ ಕಾರಣಕ್ಕೇ, ಆ ಬೇಸಗೆಯಲ್ಲಿ ಹೊಸ ಏಸಿ ತರಿಸಿದಾಗ, ಅವನ ಹೆಂಡತಿ ಫಖ್ರಿಯಾ ಮೊದಲೇ ಕಟ್ಟುನಿಟ್ಟು ಮಾಡಿದಳು.

"ನೋಡ್ರೀ, ಅಂಗಡಿಯವ್ರೇ ಬಂದು ಕೂರಿಸ್ತಾರೆ. ನೀವು ಆ ಕುರ್ಚಿ ಮೇಲೆ ಕೂತು ಚಹಾ ಕುಡೀಬೇಕು. ಎದ್ರೆ ಅಲ್ಲಾಣೆ, ಕುರ್ಚೀನೂ ಮುರೀತೀನಿ, ಕಾಲೂ ಮುರೀತೀನಿ."

ಮುಜಾಹಿಮ್ ಏಳಲಿಲ್ಲ. ಆದರೆ ಕೂತಲ್ಲಿಂದಲೇ ಬಾಯಿ ಹಾಕುವುದನ್ನು ಫಖ್ರಿಯಾ ನಿಷೇಧಿಸಿರಲಿಲ್ಲ. ಒಳಗಿನ ಭಾಗವನ್ನು ದಿವಾನಖಾನೆಯ ಗೋಡೆಗೆ ಬಿಗಿದು, ಹೊರಗಿನ ದೊಡ್ಡ ಪೆಟ್ಟಿಗೆಯನ್ನು ಎಲ್ಲಿ ಇಡೋಣ ಎಂದು ಮೆಕ್ಯಾನಿಕ್ ಕೇಳಿದಾಗ, ಅವನು ಚಹಾದ ಲೋಟದಿಂದಲೇ ದಿಕ್ಕು ತೋರಿಸಿದ.

"ಆ ಗೋಡೆ ಮೇಲೆ. ಮುಖ ಆಚೆ ಕಡೆ. ಬಿಸಿಗಾಳಿ ನಮಗ್ಯಾಕಪ್ಪಾ?"

"ಆಚೆ ಮನೆಯವ್ರು ಏನಂತಾರೋ, ಉಸ್ತಾದ್."

"ಏನಂತಾರೆ? ಬಸ್ರಾದಲ್ಲಿ ಬಿಸಿಗಾಳಿಗೆ ಯಾರಾದ್ರೂ ಹೊಸಬರಿದಾರಾ?"

ಆಚೆ ಮನೆ ಹಾಜಿ ಚಾಸಿಬನದು. ಚಾಸಿಬ್ ಮೀನಿನ ವ್ಯಾಪಾರಿ. ಆದರೆ ಮೀನು ಅವನ ಹೊಟ್ಟೆಪಾಡು, ಜೀವ ಇದ್ದದ್ದು ಪಾರಿವಾಳದಲ್ಲಿ. ಆ ಗೋಡೆಗೆ ಆನಿಸಿಕೊಂಡೇ ಅವನ ಪಾರಿವಾಳದ ಗೂಡು. ಗೂಡಿನ ರಾಜ ಪಾಷಾ ಎಂಬ ಬಿಳಿಯ ಗಂಡು; ಕತ್ತಿನ ಸುತ್ತ ಜಾಲರಿಯಂಥ ಗರಿ, ನಡೆಯುವಾಗ ಮಂತ್ರಿಯ ಗತ್ತು. ಚಾಸಿಬ್ ಹೆಂಡತಿಯ ಹೆಸರು ಕೂಗುವಾಗ ಗುಡುಗುತ್ತಿದ್ದ, ಪಾಷಾನನ್ನು ಕರೆಯುವಾಗ ಪಿಸುಗುಟ್ಟುತ್ತಿದ್ದ.

ಹೊಸ ಏಸಿ ಶುರುವಾದ ದಿನವೇ ಗೂಡು ರೊಟ್ಟಿಯ ಒಲೆಯಾಯಿತು. ಪಾಷಾ ಎರಡು ಸಲ ಗೋಡೆಯ ಕಡೆ ನೋಡಿ, ಒಂದು ಸಲ ಚಾಸಿಬನ ಕಡೆ ನೋಡಿ, ಹಾರಿಹೋದ. ಸಂಜೆಯಾದರೂ ಬರಲಿಲ್ಲ. ಪಾರಿವಾಳ ಸಾಕುವವರಿಗೆ ಹಕ್ಕಿ ಸತ್ತರೆ ದುಃಖ ಮಾತ್ರ. ತಾನಾಗಿ ಬಿಟ್ಟುಹೋದರೆ ಮಾನವೇ ಹೋದಂತೆ. ಸಂತೆಯಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ.

ಚಾಸಿಬ್ ಏಣಿ ಹತ್ತಿ ಗೋಡೆಯ ಮೇಲೆ ತಲೆ ಎತ್ತಿದ.

"ಉಸ್ತಾದ್! ನಿಮ್ಮ ಏಸಿ ನನ್ನ ಗೂಡು ಸುಟ್ಟಿತು. ಪಾಷಾ ಹೊರಟುಹೋದ!"

ಇಲ್ಲಿ ಮುಜಾಹಿಮ್ "ತಪ್ಪಾಯ್ತು ಹಾಜಿ, ನಾಳೆ ಪೆಟ್ಟಿಗೆ ತಿರುಗಿಸ್ತೀನಿ" ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಜ್ಞನಾದವನು ತಪ್ಪಾಯಿತು ಎನ್ನುವುದು ಹೇಗೆ? ಅವನು ಗಡ್ಡ ಕೆರೆದುಕೊಂಡು, ಪರೀಕ್ಷಿಸಿದವನಂತೆ ಹೇಳಿದ:

"ಏಸಿ ಸರಿಯಾಗಿದೆ, ಹಾಜಿ. ನಿಮ್ಮ ಪಾರಿವಾಳಕ್ಕೇ ಗ್ಯಾಸ್ ಕಮ್ಮಿ ಆಗಿರ್ಬೇಕು."

ಚಾಸಿಬ್ ದಡದಡ ಏಣಿ ಇಳಿದ. ಮೂವತ್ತು ವರ್ಷ ಗೋಡೆಯ ಮೇಲಿಂದ ಮೀನಿನ ಸಾರೂ ಬೆಂಡೆಕಾಯಿ ಪಲ್ಯವೂ ಅತ್ತಿತ್ತ ದಾಟಿದ ಮನೆಗಳವು. ಆ ರಾತ್ರಿ ಏನೂ ದಾಟಲಿಲ್ಲ.

ಬೆಳಗಾದಾಗ ಮುಜಾಹಿಮನ ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಈ ಮನೆಯವನ ಮೇಲೆ ಕುಲದ ಬಾಕಿ ಇದೆ. ಚಾಸಿಬನ ನೆಂಟನೊಬ್ಬ ಜೌಗು ನಾಡಿನಿಂದ ಮೀನು ತಂದವನು, ಕಥೆ ಕೇಳಿ ರೋಷ ಬಂದು ಬರೆದು ಹೋಗಿದ್ದ. ಅಕ್ಷರ ಮಾತ್ರ ಬಹಳ ದುಂಡಗಿತ್ತು. ಮುಜಾಹಿಮ್ ಗುಮಾಸ್ತನಾದ್ದರಿಂದ ಮೊದಲು ಅದನ್ನು ಮೆಚ್ಚಿಕೊಂಡ, ಆಮೇಲೆ ಅರ್ಥ ತಿಳಿದು ಹೊಸ್ತಿಲ ಮೇಲೆ ಕೂತುಬಿಟ್ಟ. ಕುಲದ ಬಾಕಿ ಎಂದರೆ ಪೊಲೀಸರೂ ಬಾಯಿ ಹಾಕುವುದಿಲ್ಲ. ಎರಡೂ ಕಡೆಯ ಶೇಖರು, ಅಂದರೆ ಕುಲದ ಹಿರಿಯರು, ಕೂತು ಪಂಚಾಯ್ತಿ ಮಾಡಬೇಕು. ತಪ್ಪು ದೊಡ್ಡದೆಂದರೆ ಮನೆಯವರು ಸಾಮಾನು ಕಟ್ಟಿಕೊಂಡು ಬೀದಿ ಬಿಟ್ಟು ಹೋಗಬೇಕು.

"ಗಡೀಪಾರಾ?" ಎಂದಳು ಫಖ್ರಿಯಾ. "ಇದು ನಮ್ಮಪ್ಪ ಇಟ್ಟಿಗೆ ಹೊತ್ತು ಕಟ್ಟಿಸಿದ ಮನೆ. ನಾನು ಹುಟ್ಟಿದ್ದು ಆ ಕೋಣೇಲಿ. ಯುದ್ಧ ಬಂದಾಗ್ಲೂ ಬಿಡ್ಲಿಲ್ಲ, ನೀರು ಬಂದಾಗ್ಲೂ ಬಿಡ್ಲಿಲ್ಲ. ಈಗ ಒಂದು ಪಾರಿವಾಳಕ್ಕೆ ಬಿಡ್ಬೇಕಾ? ಕಳಿಸೋದಾದ್ರೆ ನಿಮ್ಮನ್ನ ಕಳಿಸ್ಲಿ, ನಾನು ಬರಲ್ಲ!"

"ಹೆದರಬೇಡ. ನಮ್ಮ ಕಡೆ ಶೇಖರನ್ನೂ ಕರೆಸೋಣ."

"ನಿಮ್ಮ ಕಡೆ ಯಾರ್ರೀ ಇದಾರೆ ಶೇಖರು?"

ಅದೇ ತೊಂದರೆ. "ನಾನು ಪಟ್ಟಣದ ಮನುಷ್ಯ, ಕುಲ ಗಿಲ ಎಲ್ಲ ಎಮ್ಮೆ ಕಾಯೋರಿಗೆ" ಎಂದು ಮುಜಾಹಿಮ್ ಜೀವಮಾನವೆಲ್ಲ ಕೊಚ್ಚಿಕೊಂಡಿದ್ದ. ಅವನ ಕುಲದ ಶೇಖರು ಯಾರೆಂದು ಅವನಿಗಿರಲಿ, ಅವನ ಅಪ್ಪನಿಗೂ ಗೊತ್ತಿರಲಿಲ್ಲ.

ದಾರಿ ತೋರಿಸಿದವನು ಜನರೇಟರ್ ಹನ್ನೂನ್. "ಶೇಖ್ ಮತ್ಶರ್ ಅಂತ ಇದಾರೆ, ಉಸ್ತಾದ್. ಕುಲ ಇಲ್ಲದವ್ರಿಗೆ ಕುಲ ಒದಗಿಸ್ತಾರೆ. ನಿಲುವಂಗಿ, ಮೀಸೆ, ಹಿಂದೆ ನಡೆಯೋ ಜನ, ಎಲ್ಲ ಅವ್ರದ್ದೇ. ನೀವು ಹೊಟ್ಟೆ ತುಂಬ ಊಟ ಹಾಕಿದ್ರಾಯ್ತು."

ಮುಜಾಹಿಮ್ ಹೋಗಿ ಕೈಮುಗಿಯುವುದಷ್ಟೇ ಬಾಕಿ, ಹಾಗೆ ಬೇಡಿಕೊಂಡು ಬಂದ.

ಪಂಚಾಯ್ತಿಯ ದಿನ ಹೊರಗೆ ಕೊಲ್ಲಿಯ ಕಡೆಯಿಂದ ಒದ್ದೆ ಗಾಳಿ ಬೀಸುತ್ತಿತ್ತು. ಅಂಥ ಗಾಳಿಯಲ್ಲಿ ಬಸ್ರಾದ ಮನುಷ್ಯ ನಡೆಯುವುದಿಲ್ಲ, ತನ್ನ ಬೆವರಿನಲ್ಲಿ ತಾನೇ ಈಜುತ್ತಾನೆ. ಶೇಖ್ ಮತ್ಶರ್ ತನ್ನ ಪರಿವಾರದೊಂದಿಗೆ ಬಂದ. ಭಾರೀ ಆಳು. ಮೀಸೆಯೇ ಅರ್ಧ ಮುಖ. ದಿವಾನಖಾನೆಯ ಬಾಗಿಲು ತೆರೆದೊಡನೆ ತಣ್ಣನೆಯ ಗಾಳಿ ಅವನ ಮುಖಕ್ಕೆ ಬಡಿಯಿತು. ಒಂದು ಗಳಿಗೆ ಅವನ ಗಾಂಭೀರ್ಯವೇ ತಪ್ಪಿಹೋಯಿತು.

"ಅಬ್ಬಾ... ದೇವರು ದೊಡ್ಡವನು," ಎಂದು ಕಣ್ಣು ಮುಚ್ಚಿ, ಏಸಿಯ ಕೆಳಗೇ ಹೋಗಿ ಕೂತ.

ಎದುರು ಸಾಲು ಖಾಲಿ ಇತ್ತು. ಚಾಸಿಬ್ ಒಬ್ಬನೇ ಬಂದು ಅಲ್ಲಿ ಕೂತ.

"ನಿಮ್ಮ ಶೇಖರೆಲ್ಲಿ, ಹಾಜಿ?" ಎಂದ ಮುಜಾಹಿಮ್, ಎದೆ ಉಬ್ಬಿಸಿ.

ಚಾಸಿಬ್ ಬಾಯಿ ತೆರೆದು ಮತ್ಶರನನ್ನೇ ನೋಡುತ್ತಿದ್ದ. "ಅಗೋ, ನಿಮ್ಮ ಪಕ್ಕದಲ್ಲೇ ಕೂತಿದಾರಲ್ಲ. ನಾನೂ ಅವ್ರನ್ನೇ ಕರೆದಿದ್ದು."

ಬೇರೆ ಯಾರಾದರೂ ಆಗಿದ್ದರೆ ನಾಚಿ ಎದ್ದುಹೋಗುತ್ತಿದ್ದರು. ಶೇಖ್ ಮತ್ಶರ್ ಮೀಸೆ ತಿರುವಿದ. "ಇಬ್ಬರಿಗೂ ಮಾತು ಕೊಟ್ಟಿದೀನಿ. ಕೊಟ್ಟ ಮಾತಿಗೆ ತಪ್ಪೋ ವಂಶ ನಮ್ಮದಲ್ಲ. ಎರಡೂ ಕಡೆ ನಾನೇ ಮಾತಾಡ್ತೀನಿ."

ಹಾಗೆಯೇ ಮಾಡಿದ. ಎದ್ದು ಚಾಸಿಬನ ಪಕ್ಕ ಹೋಗಿ ಕೂತು, ಕಾಫಿಯ ಪುಟ್ಟ ಬಟ್ಟಲನ್ನು ಕೈಗೆ ತೆಗೆದುಕೊಂಡು, ಕುಡಿಯದೆ ನೆಲದ ಮೇಲಿಟ್ಟ. ನ್ಯಾಯ ಕೇಳಿ ಬಂದವರು ತಮ್ಮ ಬೇಡಿಕೆ ನಡೆಯುವವರೆಗೆ ಕಾಫಿ ಮುಟ್ಟುವುದಿಲ್ಲ, ಅದು ಕಟ್ಟಳೆ. "ನಮ್ಮ ಹಾಜಿಯ ಮಾನ ಹೋಗಿದೆ! ಕುಡಿಯಲ್ಲ!" ಎಂದು ಗರ್ಜಿಸಿದ. ಆಮೇಲೆ ಎದ್ದು ಈಚೆ ಬಂದು, ಮುಜಾಹಿಮನ ಪಕ್ಕ ಕೂತು, ತಾನು ಬಿಟ್ಟು ಬಂದ ಖಾಲಿ ಜಾಗದ ಕಡೆ ಕೈಚಾಚಿ ಮೃದುವಾಗಿ, "ಶೇಖರೇ, ದೊಡ್ಡ ಮನಸ್ಸು ಮಾಡಿ, ಕಾಫಿ ಆರಿಹೋಗುತ್ತೆ" ಎಂದ. ಮತ್ತೆ ಆಚೆ ಹೋಗಿ, "ಸಾಧ್ಯವಿಲ್ಲ!" ಎಂದ. ಈಚೆ ಬಂದು ನಿಟ್ಟುಸಿರು ಬಿಟ್ಟು, ಮುಜಾಹಿಮನ ಕಿವಿಯಲ್ಲಿ, "ಬಹಳ ಹಟಮಾರಿ ಮನುಷ್ಯ ಕಣಯ್ಯಾ, ಬಗ್ಗೋ ಹಾಗೆ ಕಾಣಲ್ಲ" ಎಂದ.

ಪರಿವಾರದವರು ಇತ್ತ ತಲೆದೂಗಿದರು, ಅತ್ತಲೂ ತಲೆದೂಗಿದರು.

ಪಾಷಾನ ವಿಷಯ ಬಂದಾಗ ಶೇಖರ ಹಣೆ ಗಂಟಿಕ್ಕಿತು. "ಪಾರಿವಾಳದ ಮನೆತನ ಯಾವುದು?"

"ತಾಯಿ ಕಡೆ ಬಾಗ್ದಾದು, ಶೇಖರೇ," ಎಂದ ಚಾಸಿಬ್ ಕಣ್ಣೊರೆಸಿಕೊಂಡು. "ತಂದೆ ಕಡೆ ಒಳ್ಳೇ ಹೆಸರಿರೋರು. ಜುಬೈರ್ ಪೇಟೆಯಲ್ಲಿ ಕೇಳಿ ನೋಡಿ."

"ಮದುವೆ ಆಗಿತ್ತಾ?"

"ಮೂರು, ಶೇಖರೇ."

"ಹಾಗಾದ್ರೆ ಮೂವರು ಹೆಂಗಸರ ಶಾಪಾನೂ ಇದರಲ್ಲಿದೆ," ಎಂದು ಶೇಖರು ಗಂಭೀರವಾಗಿ ಮುಜಾಹಿಮನನ್ನು ನೋಡಿದರು. "ಕೇಸು ದೊಡ್ಡದು. ಒಂದು ದಿನದಲ್ಲಿ ಮುಗಿಯೋದಲ್ಲ. ತೀರ್ಪಿನವರೆಗೆ ಯಾರೂ ಯಾರ ಮೇಲೂ ಕೈ ಮಾಡಬಾರದು. ಕರಾರು ಸರಿಯಾಗಿ ನಡೀತಿದೆಯಾ ಅಂತ ನೋಡೋಕೆ ನಾವು ದಿನಾ ಬರ್ತೀವಿ."

ಬಂದರು. ಬಿಸಿಲೇರುವ ಮೊದಲೇ ಬಂದು ಸೂರ್ಯ ಮುಳುಗಿದ ಮೇಲೆ ಎದ್ದರು. ಕೆಲವರು ದಿಂಬನ್ನೂ ತಂದರು. ಕರಾರಿನ ಮೇಲೆ ಕಣ್ಣಿಡಲು ಬಂದವರು ಮಧ್ಯಾಹ್ನ ಊಟವಾದೊಡನೆ ಎರಡೂ ಕಣ್ಣು ಮುಚ್ಚಿ ಗೊರಕೆ ಹೊಡೆದರು. ಊಟ ಮುಜಾಹಿಮನ ಮನೆಯದಾದರೆ ಕುರಿ, ಚಾಸಿಬನ ಸರದಿಯಾದರೆ ಮೀನು. ಎರಡೂ ಮನೆಯ ಒಲೆ ಆರಲಿಲ್ಲ. ಫಖ್ರಿಯಾ ಅಕ್ಕಿ ಬಸಿದು ಬಸಿದು ಸೊರಗಿದಳು. ಮಧ್ಯಾಹ್ನ ಅವಳೂ ಗಂಡನೂ ಅಡುಗೆಮನೆಯ ಸೆಕೆಯಲ್ಲಿ ಮಲಗುವುದು, ಅವರ ಏಸಿಯಲ್ಲಿ ಊರ ಶೇಖರು ಮಲಗುವುದು. ರಿಮೋಟನ್ನಂತೂ ಮತ್ಶರ್ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಿದ್ದ, ಬಾಕು ಸಿಕ್ಕಿಸಿಕೊಳ್ಳುವ ಜಾಗದಲ್ಲಿ.

ಇಷ್ಟರಲ್ಲಿ ಒಂದು ಬೆಳಗ್ಗೆ, ಚಾಸಿಬ್ ಗೋಡೆಯಿಂದ ಆಚೆ ಸರಿಸಿಟ್ಟಿದ್ದ ಗೂಡಿಗೆ ಪಾಷಾ ವಾಪಸು ಬಂದ. ಎಲ್ಲಿಗೆ ಹೋಗಿದ್ದನೋ, ಬರುವಾಗ ನಾಲ್ಕನೆಯ ಹೆಂಡತಿಯನ್ನೂ ಕರೆತಂದಿದ್ದ. ಚಾಸಿಬ್ ಖುಷಿಯಿಂದ ಕುಣಿಯುತ್ತ ದಿವಾನಖಾನೆಗೆ ಓಡಿಬಂದ.

"ಶೇಖರೇ, ಪಾಷಾ ಬಂದ! ನನ್ನ ಬೇಡಿಕೆ ವಾಪಸ್ ತಗೊಂಡೆ. ಎಲ್ಲ ಮುಗೀತು, ಎದ್ದೇಳಿ!"

ಶೇಖರು ದಿಂಬಿನಿಂದ ತಲೆಯೆತ್ತಲಿಲ್ಲ. "ಪಾರಿವಾಳ ಬಂತು, ಸರಿ. ಮಾನ ಬಂತಾ?"

"ಬಂತು ಶೇಖರೇ, ಅದರ ಜೊತೇಲೇ ಬಂತು."

"ಅದನ್ನ ಹೇಳಬೇಕಾದವನು ನೀನಲ್ಲ, ನಿನ್ನ ಶೇಖ್. ನಾನಿನ್ನೂ ಒಪ್ಪಿಲ್ಲ," ಎಂದು ಮತ್ಶರ್ ಮಗ್ಗುಲು ಬದಲಿಸಿದ. "ಶುರು ಮಾಡಿದ ಪಂಚಾಯ್ತೀನ ಮಧ್ಯದಲ್ಲಿ ಬಿಟ್ಟರೆ ಎರಡು ಕುಲಕ್ಕೂ ಅವಮಾನ."

ಆ ಎರಡು ಕುಲ ಯಾವುವೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕರೆಂಟಾದರೂ ಹೋದರೆ ಜನ ಎದ್ದಾರು ಎಂದು ಚಾಸಿಬ್ ಹನ್ನೂನನಲ್ಲಿಗೆ ಓಡಿ, ಮುಜಾಹಿಮನ ಮನೆಯ ತಂತಿ ಕೀಳಲು ಬೇಡಿಕೊಂಡ. ಹನ್ನೂನ್ ಎರಡೂ ಕಿವಿ ಮುಚ್ಚಿಕೊಂಡ. "ಶೇಖರು ಕೂತ ಮನೆಯ ತಂತಿ ಕೀಳೋದಾ? ನಾಳೆ ನನ್ನ ಗೇಟಿನ ಮೇಲೂ ಕೆಂಪಕ್ಷರ ಬೀಳುತ್ತೆ, ಹಾಜಿ!" ಎಂದವನೇ, ಸುದ್ದಿ ಶೇಖರ ಕಿವಿಗೆ ಬಿದ್ದೀತೆಂದು ಹೆದರಿ, ಗೌರವಕ್ಕಾಗಿ ಆ ಮನೆಗೆ ಇನ್ನೊಂದು ತಂತಿ ಎಳೆದುಕೊಟ್ಟ.

ಅಂದು ಸಂಜೆ ಚಾಸಿಬ್ ಮತ್ತೆ ಏಣಿ ಹತ್ತಿದ. ಈಚೆ ಮುಜಾಹಿಮ್ ತೊಟ್ಟಿಯ ಮೇಲೆ ನಿಂತಿದ್ದ. ಇಬ್ಬರೂ ಬಡವಾಗಿದ್ದರು. ಒಬ್ಬರ ಮುಖ ಒಬ್ಬರು ನೋಡಿದರು, ಇಬ್ಬರಿಗೂ ಅಳು ಬಂತು.

"ತಪ್ಪು ನಂದು, ಹಾಜಿ."

"ಇಲ್ಲ ಉಸ್ತಾದ್, ಬಾಯಿ ಸಡಿಲ ಬಿಟ್ಟೋನು ನಾನು. ಬೇಲೀಲಿ ಹೋಗೋ ಓತಿಕ್ಯಾತನ್ನ ತಂದು ಕಿವಿಯೊಳಗೆ ಬಿಟ್ಕೊಂಡ್ವಿ." ಚಾಸಿಬ್ ದನಿ ತಗ್ಗಿಸಿದ. "ಈಗ ಉಳಿದಿರೋದು ಒಂದೇ ದಾರಿ. ಆ ಏಸಿ ಕೆಡಬೇಕು. ನೀವು ಕೈಯಿಟ್ಟು ಉಳಿದ ಏಸಿ ಈ ಬೀದೀಲಿ ಇಲ್ಲ. ಹೋಗಿ, ಕೈಯಿಡಿ!"

ಮುಜಾಹಿಮನಿಗೆ ಮೊದಲು ಅವಮಾನವಾಯಿತು. ಆಮೇಲೆ ಗಡೀಪಾರಿನ ನೆನಪಾಗಿ, ಅವಮಾನ ನುಂಗಿ ಕೆಲಸಕ್ಕಿಳಿದ.

ಮೊದಲು, "ರಿಪೇರಿ ಇದೆ" ಎಂದು ಹೇಳಿ ಒಳಗಿನ ಪೆಟ್ಟಿಗೆಯ ಮುಚ್ಚಳ ತೆಗೆದು ಜಾಲರಿಯನ್ನೇ ಕಿತ್ತೆಸೆದ. ಧೂಳೆಲ್ಲ ಒಳಗೆ ಹೋಗಿ ಮಿಷನ್ನು ಉಸಿರುಕಟ್ಟಿ ಸಾಯಲಿ ಎಂಬುದು ಲೆಕ್ಕ. ಆ ಜಾಲರಿಯಲ್ಲಿ ಶೇಖರ ಪರಿವಾರ ಎಬ್ಬಿಸಿದ ಧೂಳು ಆಗಲೇ ಕಂಬಳಿಯಂತೆ ಕೂತಿತ್ತು. ಅದು ಹೋದದ್ದೇ ತಡ, ಗಾಳಿ ಭೋರೆಂದು ಬಂದು ಶೇಖರ ತಲೆವಸ್ತ್ರ ಹಾರಿಸಿತು.

ಮರುದಿನ, ನೀರು ತಗುಲಿದರೆ ಶಾರ್ಟಾಗಿ ಸುಟ್ಟುಹೋಗಲಿ ಎಂದು ಹೊರಗಿನ ಪೆಟ್ಟಿಗೆಗೆ ಹಿಂದಿನಿಂದ ಪೈಪಿನಲ್ಲಿ ನೀರು ಬಿಟ್ಟ. ಅದರ ಹಿಂಬದಿಯ ಸಣ್ಣ ಸಣ್ಣ ತಗಡುಗಳ ಸಂದಿನಲ್ಲಿ ಮೆತ್ತಿಕೊಂಡಿದ್ದ ಮರಳೂ ಪಾರಿವಾಳದ ಪುಕ್ಕವೂ ಕೆಸರಾಗಿ ಹರಿದುಹೋದವು. ಒಳಗೆ ಪರಿವಾರದವರು, "ಏನು ತಂಪಪ್ಪಾ!" ಎಂದು ಹೊದಿಕೆ ಕೇಳಿದರು.

ಕೊನೆಗೆ ರೋಸಿಹೋಗಿ, ಪೆಟ್ಟಿಗೆ ಗಾಳಿಯಾಡದೆ ಸಾಯಲಿ ಎಂದು ಹಿಂಬದಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟ. ಗೋಣಿಯ ನೇಯ್ಗೆಯೋ ಜರಡಿಯಂಥದ್ದು. ಅದರೊಳಗೆ ತಣಿದು ಬಂದ ಗಾಳಿ ಎಳೆದುಕೊಂಡು ಏಸಿ ಕಾಶ್ಮೀರವಾಯಿತು. ಮತ್ಶರ್ ಚಳಿಗಾಲದ ಉಣ್ಣೆಯ ನಿಲುವಂಗಿ ತರಿಸಿ ಹೊದ್ದು, ಒಣಲಿಂಬೆಯ ಬಿಸಿ ಚಹಾ ಕೇಳಿದ. ಸುದ್ದಿ ಕೇಳಿ ಪಕ್ಕದ ಪೇಟೆಯಿಂದ ಇನ್ನೂ ಇಬ್ಬರು ಶೇಖರು, "ಇಂಥ ಗಹನವಾದ ಕೇಸು ಕಲಿಯೋಕೆ ಬಂದ್ವಿ" ಎಂದು ದಿಂಬು ಸಮೇತ ಬಂದರು.

ಚಾಸಿಬ್ ಏಣಿಯ ಮೇಲೆ ನಿಂತು ತಲೆ ಚಚ್ಚಿಕೊಂಡ. "ಲೋ ಮಹಾರಾಯ! ಜೀವಮಾನದಲ್ಲಿ ಒಂದ್ಸಲ ಕೆಡಿಸು ಅಂದ್ರೆ ರಿಪೇರಿ ಮಾಡ್ಬಿಟ್ಯಲ್ಲೋ!"

ಮುಜಾಹಿಮನಿಗೂ ಗೊಂದಲ. ಅವನು ಒಣಗಿದ ದನಿಯಲ್ಲಿ, "ಗ್ಯಾಸ್ ಜಾಸ್ತಿ ಆಗಿರ್ಬೇಕು" ಎಂದ.

ಎರಡೂ ಮನೆಯ ಅಕ್ಕಿಯ ಡಬ್ಬ ತಳ ಕಂಡ ದಿನ ಫಖ್ರಿಯಾಳ ತಾಳ್ಮೆಯೂ ತಳ ಕಂಡಿತು. ಅವಳು ದಿವಾನಖಾನೆಯ ಪರದೆಯ ಹಿಂದೆ ಬಂದು ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಶೇಖರೇ, ತಲೆ ಮೇಲೆ ಕತ್ತಿ ನೇತುಹಾಕ್ಕೊಂಡು ನಂಗೆ ಅನ್ನ ಬಸಿಯೋಕಾಗಲ್ಲ. ಈ ಮನೆ ಬಿಡ್ಬೇಕಾದ್ರೆ ಬಿಡಿ ಅಂತ ಹೇಳ್ಬಿಡಿ. ತೀರ್ಪು ಇವತ್ತೇ ಆಗ್ಬೇಕು. ನಾಳೆಯಿಂದ ಈ ಒಲೆ ಹಚ್ಚಲ್ಲ!"

ಒಲೆ ಹಚ್ಚುವುದಿಲ್ಲ ಎಂಬ ಮಾತು ಪರಿವಾರದಲ್ಲಿ ಸಂಚಲನ ಉಂಟುಮಾಡಿತು. ಶೇಖ್ ಮತ್ಶರ್ ನಿಧಾನವಾಗಿ ಎದ್ದು ಕೂತು, ಏಸಿಯ ಕಡೆ ಒಮ್ಮೆ ನೋಡಿದ. ಆ ನೋಟ ಹೆಣ್ಣು ನೋಡಲು ಬಂದ ವರನ ನೋಟದಂತಿತ್ತು. ಬೀದಿಯವರೆಲ್ಲ ಅಂಗಳದಲ್ಲಿ ಸೇರಿದರು.

"ತಪ್ಪಾಗಿದೆ, ಗಡೀಪಾರು ಆಗಲೇಬೇಕು," ಎಂದ ಮತ್ಶರ್.

ಪರದೆಯ ಹಿಂದೆ ಫಖ್ರಿಯಾ ಗೋಡೆಗೆ ಒರಗಿದಳು. ಮುಜಾಹಿಮ್ ಎದ್ದು ನಿಂತ. "ನನ್ನನ್ನ ಬೇಕಾದ್ರೆ ಕಳಿಸಿ, ಶೇಖರೇ. ಅವಳನ್ನ ಬೇಡ. ಇದು ಅವಳಪ್ಪನ ಮನೆ," ಎಂದ. ಅವನ ಬಾಯಲ್ಲಿ ಯಾವತ್ತೂ ಇಷ್ಟು ಸರಿಯಾದ ಮಾತು ಬಂದಿರಲಿಲ್ಲ. ಚಾಸಿಬ್ ಕೂಡ ಎದ್ದು, "ಇವರು ಹೋಗೋದಾದ್ರೆ ನಾನೂ ಗೂಡು ಕಟ್ಕೊಂಡು ಇವರ ಹಿಂದೇನೇ ಹೋಗ್ತೀನಿ!" ಎಂದು ಕೂಗಿದ.

"ಸುಮ್ಮನಿರ್ರೋ," ಎಂದ ಮತ್ಶರ್. "ಬಿಸಿಗಾಳಿ ಊದಿದ್ದು ಯಾರು? ಮುಜಾಹಿಮ್, ನೀನು ಬಾಯಲ್ಲಿ ಊದಿದ್ಯಾ?"

"ಇಲ್ಲ, ಶೇಖರೇ."

"ನಿನ್ನ ಹೆಂಡತಿ ಊದಿದ್ಲಾ?"

"ಆಕೆ ಊದಿದ್ರೆ ಗೂಡೇ ಇರ್ತಿರ್ಲಿಲ್ಲ, ಶೇಖರೇ."

"ಅಂದಮೇಲೆ ಊದಿದ್ದು ಏಸಿ. ತಪ್ಪು ಮಾಡಿದವನಿಗೇ ಶಿಕ್ಷೆ. ಏಸಿ ಈ ಬೀದಿಯಿಂದ ಗಡೀಪಾರು! ಗಡೀಪಾರಾದವನು ಯಾವನಾದ್ರೂ ಶೇಖನ ಆಶ್ರಯದಲ್ಲೇ ಇರಬೇಕು, ಅದು ಕಟ್ಟಳೆ. ಅದನ್ನ ನನ್ನ ಮನೆಯಲ್ಲೇ ಇಟ್ಕೊಂಡು ನಾನೇ ಕಾಯ್ತೀನಿ. ಏನ್ಮಾಡೋದು, ದೊಡ್ಡತನ ಅಂದ್ರೆ ಹೊರೆ."

ಪರಿವಾರದವರು ಆ ನ್ಯಾಯಕ್ಕೆ ಕಣ್ಣೀರು ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹನ್ನೂನ್ ಗೊಣಗಿದ. ಫಖ್ರಿಯಾ ಪರದೆಯ ಹಿಂದೆ ನೆಲದ ಮೇಲೆ ಕೂತು, ಮನೆ ಉಳಿಯಿತಲ್ಲ ಎಂದು ಅತ್ತಳು. ಅತ್ತು ಮುಗಿದ ಮೇಲೆ, ಹೊಸ ಏಸಿ ಹೋಯಿತಲ್ಲ ಎಂದು ಇನ್ನೊಂದಿಷ್ಟು ಅತ್ತಳು.

"ಈಗ ಇದನ್ನ ಬಿಚ್ಚಿ ನಮ್ಮನೇಲಿ ಕೂರಿಸೋಕೆ ಒಬ್ಬ ಮೆಕ್ಯಾನಿಕ್ ಬೇಕು," ಎಂದ ಮತ್ಶರ್.

ಮುಜಾಹಿಮ್ ಮೂಗೊರೆಸಿಕೊಂಡು ಮುಂದೆ ಬಂದ. "ಬೇರೆಯವ್ರ ಕೈಲಿ ಯಾಕೆ, ಶೇಖರೇ? ಮಗಳನ್ನ ಕಳಿಸೋ ಹಾಗೆ ನಾನೇ ಬಿಚ್ಚಿ, ನಾನೇ ತಂದು, ನಾನೇ ಕೂರಿಸಿ ಬರ್ತೀನಿ."

"ನಿನಗೆ ಬರುತ್ತಾ ಆ ಕೆಲಸ?"

ಬೀದಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಸಿಬನ ಕಣ್ಣಲ್ಲಿ ಏನೋ ಹೊಳೆಯಿತು.

"ಬರುತ್ತಾ ಅಂತ ಕೇಳ್ತೀರಾ, ಶೇಖರೇ?" ಎಂದು ಅವನು ಎದೆ ಬಡಿದುಕೊಂಡ. "ಈ ಉಸ್ತಾದ್‌ನಂಥ ಕೈ ಬಸ್ರಾದಲ್ಲೇ ಇಲ್ಲ!"

"ನಿನ್ನ ಸಾಕ್ಷಿ ನಡೆಯಲ್ಲ. ಪಾರಿವಾಳ ಹಾರಿಸೋರು ಪರರ ಹಕ್ಕಿಗೂ ನಂದೇ ಅಂತ ಆಣೆ ಹಾಕೋರು; ಅವ್ರ ಮಾತನ್ನ ಯಾವ ಪಂಚಾಯ್ತೀಲೂ ನಂಬಲ್ಲ."

ಕೂಡಲೇ ಹನ್ನೂನ್ ಮುಂದೆ ಬಂದ. "ನಾನು ಪಾರಿವಾಳ ಹಾರಿಸಲ್ಲ, ಶೇಖರೇ. ಉಸ್ತಾದ್ ರಿಪೇರಿ ಮಾಡಿದ ಮೇಲೆ ನಮ್ಮ ಫ್ರಿಜ್ಜಿನ ತಂಟೆಯೇ ಇಲ್ಲ. ಐಸು ಕೆತ್ತಿ ಕೆತ್ತಿ ಸಾಕಾಗಿದೆ!" ಚಪ್ಪಲಿಯ ವಿಷಯ ಅವನು ಎತ್ತಲಿಲ್ಲ. ಇಬ್ಬರು ಮೂವರು ಹೆಂಗಸರು ತಮ್ಮ ತಮ್ಮ ಏಸಿಯ ಮೇಲೆ ಆಣೆಯಿಟ್ಟರು. ರಿಪೇರಿಯಾದ ದಿನವೇ ತನ್ನ ಏಸಿಯನ್ನು ಗುಜರಿಗೆ ಹಾಕಿದ್ದ ಮುದುಕನೊಬ್ಬ, "ಇವನ ಕೈ ಅಲ್ಲ ಅದು, ಬಂಗಾರ!" ಎಂದು ಕೋಲು ಕುಟ್ಟಿದ. ಕೊನೆಗೆ ಪರದೆಯ ಹಿಂದಿನಿಂದ, ಮದುವೆಯಾದ ಲಾಗಾಯ್ತು ಗಂಡನನ್ನು ಹೊಗಳದ ಫಖ್ರಿಯಾಳ ದನಿ ಬಂತು: 

"ನಮ್ಮನೆಯವ್ರನ್ನ ಬಿಟ್ಟು ಇನ್ನೊಬ್ರ ಕೈಲಿ ಇದನ್ನ ಮುಟ್ಟಿಸಿದ್ರೆ ನನ್ನಾಣೆ, ಶೇಖರೇ!"

ಮುಜಾಹಿಮ್ ಬೀದಿಯವರ ಮುಖಗಳನ್ನು ಒಂದೊಂದಾಗಿ ನೋಡಿದ. "ಇಷ್ಟು ವರ್ಷ ಒಬ್ರೂ ಬಾಯಿಬಿಟ್ಟು ಹೇಳ್ಲಿಲ್ವಲ್ರಪ್ಪಾ!" ಎಂದು ಅತ್ತುಬಿಟ್ಟ.

ಕಣ್ಣೊರೆಸಿದ ಕೈಯಲ್ಲೇ ಸ್ಕ್ರೂಡ್ರೈವರ್ ಹಿಡಿದು ಶುರುಮಾಡಿದ. ತಾಮ್ರದ ಪೈಪು ಬಿಚ್ಚಿದೊಡನೆ ಉಸ್ಸ್ಸ್ ಎಂದು ಉದ್ದಕ್ಕೆ ಸದ್ದು ಬಂತು. ನಿಲ್ಲಲೇ ಇಲ್ಲ.

"ಏನದು?" ಎಂದ ಮತ್ಶರ್.

"ನಿಟ್ಟುಸಿರು, ಶೇಖರೇ," ಎಂದ ಚಾಸಿಬ್. "ಹುಟ್ಟಿದೂರು ಬಿಡೋ ಸಂಕಟ."

ಶೇಖರು ಮರುಗಿ ತಲೆಯಾಡಿಸಿದರು.

ಏಸಿಯನ್ನು ಹಾಸಿಗೆಯಲ್ಲಿ ಸುತ್ತಿ ವ್ಯಾನಿಗೆ ಹೇರಿದ್ದಾಯಿತು. ಶೇಖರೂ ದಿಂಬುಗಳೂ ಹತ್ತಿದರು. ಮೇಲುಗಡೆ, ಏಸಿಯನ್ನು ತಬ್ಬಿಕೊಂಡು ಮುಜಾಹಿಮ್ ಕೂತ. ಬಿಚ್ಚುವಾಗ ಉಳಿದುಹೋದ ಒಂದು ಹಿಡಿ ಸ್ಕ್ರೂಗಳು ಅವನ ಜೇಬಿನಲ್ಲಿ ಗಲಗಲ ಎನ್ನುತ್ತಿದ್ದವು. ಬೀದಿಯೆಲ್ಲ ಹೊರಗೆ ಬಂದು ಕೈಬೀಸಿತು. ಅವನು ಗೆದ್ದ ದಂಡನಾಯಕನಂತೆ ಎರಡೂ ಕೈ ಎತ್ತಿ ಬೀಸಿದ, ಬೀಳುವುದರಲ್ಲಿದ್ದ, ಮತ್ತೆ ಏಸಿ ಹಿಡಿದುಕೊಂಡ.

ವ್ಯಾನು ಹೊರಟಿತು. ಫಖ್ರಿಯಾ ಬಟ್ಟಲ ತುಂಬ ನೀರು ತಂದು, ಅದರ ಹಿಂದೆ ಬೀದಿಯ ಮೇಲೆ ಚೆಲ್ಲಿದಳು. ಪ್ರಯಾಣ ಹೊರಟವರು ಬೇಗ ಮನೆಗೆ ಮರಳಲಿ ಎಂದು ಹೀಗೆ ನೀರು ಚೆಲ್ಲುವುದು ಎಲ್ಲ ಮನೆಯಲ್ಲೂ ಉಂಟು. ಚಾಸಿಬನಿಗೆ ಕಣ್ಣು ತುಂಬಿ ಬಂತು.

"ಏನೇ ಆಗ್ಲಿ, ಹೆಂಡತಿ ಕರುಳು. ಗಂಡ ಸಂಜೆಗೇ ಬರ್ತಾನಮ್ಮಾ, ಅದಕ್ಯಾಕೆ ಇಷ್ಟೊಂದು ನೀರು?"

"ಗಂಡನಿಗಾ?" ಫಖ್ರಿಯಾ ಬಟ್ಟಲು ಕೊಡವಿದಳು. "ಅವ್ರಿಗ್ಯಾಕೆ ಹಾಜಿ ನೀರು ದಂಡ? ಚೆಲ್ಲಿದ್ದು ಏಸಿಗೆ. ಇವ್ರೇ ಕೂರಿಸ್ತಾರೆ ಅಂದಮೇಲೆ ಅದು ಅಲ್ಲಿ ಎಷ್ಟು ದಿನ ಇದ್ದೀತು? ಶೇಖರೇ ಹೊತ್ಕೊಂಡು ಬಂದು ಬಾಗಿಲಲ್ಲಿ ಇಟ್ಟು ಹೋಗ್ತಾರೆ, ನೋಡ್ತಿರಿ. ಬಂದ ದಿನ ಇವ್ರನ್ನ ನಮ್ಮಕ್ಕನ ಮನೆಗೆ ಓಡ್ಸಿ, ಅಂಗಡಿಯವ್ರನ್ನ ಕರೆಸ್ತೀನಿ."